ಮನೆಯಿಂದ್ಲೇ ವೋಟು ಹಾಕೋ ಫಾರಂ ಮತ್ತೆ ಯಾರೂ ಬಾಯ್ಬಿಟ್ಟು ಹೇಳದ ಒಂದು ಮಾತು

ಎಲೆಕ್ಷನ್ ಬಂತು ಅಂದ್ರೆ ನಮ್ಮ ಚಿಕ್ಕಮಗಳೂರು ಜಿಲ್ಲೆ ಆಲ್ದೂರು ಕಡೆ ವಯಸ್ಸಾದೋರು ಇರೋ ಮನೇಲೆಲ್ಲ ಈಗ ಒಂದೇ ಪ್ರಶ್ನೆ, ಫಾರಂ ಕೊಟ್ರೆ ಮನೆಗೇ ಬರ್ತಾರಂತೆ, ಕೊಡ್ಲಾ ಬೇಡ್ವಾ ಅಂತ. ಫಾರಂ 12ಡಿ, ಅಂದ್ರೆ ಮನೆಯಿಂದ್ಲೇ ವೋಟು ಹಾಕ್ತೀನಿ ಅಂತ ಕೊಡೋ ಅರ್ಜಿ, ಅದರ ವಿಷ್ಯ ಹೇಳ್ತಿರೋದು. ಎಸ್ಟೇಟ್ ಲೈನ್‌ಗಳಲ್ಲಿ, ಗುಡ್ಡದ ಮೇಲಿನ ಒಂಟಿ ಮನೆಗಳಲ್ಲಿ ಮಂಡಿ ನೋವು ಇಟ್ಕೊಂಡು ಇರೋ ಅಜ್ಜ ಅಜ್ಜಿಯರಿಗೆ ಇದು ನಿಜವಾಗ್ಲೂ ದೊಡ್ಡ ಉಪಕಾರ, ಅದ್ರಲ್ಲಿ ಎರಡು ಮಾತಿಲ್ಲ. ನನ್ನ ಬೇಜಾರು ಇರೋದು ಅದರ ಜೊತೆ ಬರೋ ಸೂಚನೆಗಳ ಬಗ್ಗೆ.

ಮೊದ್ಲು ವಯಸ್ಸಿನ ಗೊಂದಲ ನೋಡಿ. 2023ರ ವಿಧಾನಸಭೆ ಎಲೆಕ್ಷನ್‌ನಲ್ಲಿ 80 ದಾಟಿದೋರಿಗೆಲ್ಲ ಮನೆಯಿಂದ ವೋಟು ಹಾಕೋ ಅವಕಾಶ ಇತ್ತು. 2024ರ ಮಾರ್ಚ್ ಶುರುನಲ್ಲಿ ನಿಯಮ ಬದಲಾಗಿ ಅದು 85 ಆಯ್ತು, ಅಂಗವೈಕಲ್ಯ ಶೇಕಡ 40ಕ್ಕಿಂತ ಕಮ್ಮಿ ಇಲ್ದೋರಿಗೆ ಮಾತ್ರ ಯಾವ ವಯಸ್ಸಾದ್ರೂ ಸರಿ. ಅಂದ್ರೆ ಹಿಂದಿನ ವರ್ಷ ಮನೇಲಿ ಕೂತು ವೋಟು ಹಾಕಿದ ಎಂಬತ್ತೆರಡರ ಅಜ್ಜಿ, ಲೋಕಸಭೆ ಎಲೆಕ್ಷನ್‌ಗೂ ಹಾಗೇ ಬರ್ತಾರೆ ಅಂತ ಕಾಯ್ತಾ ಕೂತ್ರೆ ಯಾರು ಬರ್ತಾರೆ ಹೇಳಿ? ನಮ್ಮ ಪಕ್ಕದ ಮನೇಲಿ ಆಗಿದ್ದು ಇದೇನೇ. ಈ ಸಲ ನಿಮಗೆ ಇಲ್ಲ, ಬೂತ್‌ಗೇ ಬನ್ನಿ ಅಂತ ಒಂದು ಚೀಟಿ ಅವರ ಕೈಗೆ ಸಿಕ್ಕಿದ್ರೆ ಸಾಕಿತ್ತು, ಸಿಗಲಿಲ್ಲ. 26 ಏಪ್ರಿಲ್ ದಿನ ಮಧ್ಯಾಹ್ನದ ಮೇಲೆ ಮೊಮ್ಮಗ ಜೀಪ್ ತಂದು ಕರ್ಕೊಂಡು ಹೋದ ಅಷ್ಟೇ, ಇಲ್ಲಾಂದ್ರೆ ಆ ವೋಟು ಹೋಗಿತ್ತು.

ಇನ್ನು ಟೈಮು. ಚುನಾವಣೆ ಅಧಿಸೂಚನೆ ಹೊರಟ ಮೇಲೆ 5 ದಿನದೊಳಗೆ 12ಡಿ ತಲುಪಿಸ್ಬೇಕು. ಆ ಸಲ ನಮಗೆ ಅಧಿಸೂಚನೆ ಬಂದಿದ್ದು ಮಾರ್ಚ್ 28ಕ್ಕೆ, ಅಂದ್ರೆ ವೋಟಿಂಗ್‌ಗೆ ಇನ್ನೂ ತಿಂಗಳಿದೆ ಅಂತ ಎಲ್ರೂ ಆರಾಮಾಗಿ ಇರೋ ಟೈಮಲ್ಲೇ ಕೊನೇ ದಿನ ಮುಗ್ದು ಹೋಗಿರುತ್ತೆ, ಬೆಂಗಳೂರಲ್ಲಿರೋ ಮಗ ಹಬ್ಬಕ್ಕೆ ಬಂದಾಗ ತುಂಬ್ಸೋಣ ಅಂತ ಎತ್ತಿಟ್ಟ ಫಾರಂ ಕ್ಯಾಲೆಂಡರ್ ಹಿಂದೆನೇ ಉಳಿಯುತ್ತೆ.

ಆದ್ರೆ ಇವೆಲ್ಲಕ್ಕಿಂತ ದೊಡ್ಡದು ಒಂದಿದೆ. 12ಡಿ ಕೊಟ್ಟು ಅದು ಮಂಜೂರಾಯ್ತು ಅಂದ್ರೆ ಮತದಾರರ ಪಟ್ಟೀಲಿ ನಿಮ್ಮ ಹೆಸರಿನ ಎದುರು ಪಿಬಿ (ಪೋಸ್ಟಲ್ ಬ್ಯಾಲೆಟ್, ಅಂದ್ರೆ ಅಂಚೆ ಮತ) ಅಂತ ಗುರುತು ಬೀಳುತ್ತೆ, ಆಮೇಲೆ ನೀವು ಬೂತ್‌ಗೆ ಹೋದ್ರೂ ವೋಟು ಹಾಕೋಕೆ ಬಿಡಲ್ಲ. ವೋಟು ಹಾಕಿಸ್ಕೊಳ್ಳೋ ಎಲೆಕ್ಷನ್ ಟೀಮ್ ಮನೆಗೆ ಬಂದಾಗ ನೀವು ಇರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಬರ್ತಾರೆ, ಆಗ್ಲೂ ಇರ್ಲಿಲ್ಲ ಅಂದ್ರೆ ಮುಗೀತು. ಮಗಳ ಮನೆಗೆ ಅಂತ ಹಾಸನಕ್ಕೆ ಹೋಗಿರೋರು, ಡಯಾಲಿಸಿಸ್‌ಗೆ ಅಂತ ಮಂಗಳೂರಿಗೆ ಹೋಗಿರೋರು, ಇವರೆಲ್ಲ ಎರಡೂ ಕಡೆ ಕಳ್ಕೋತಾರೆ. ಇದು ಕೊಡೋದು ಬಿಡೋದು ನಿಮ್ಮಿಷ್ಟ, ಕಡ್ಡಾಯ ಅಲ್ವೇ ಅಲ್ಲ ಅನ್ನೋದೂ ಎಷ್ಟೋ ಜನಕ್ಕೆ ಗೊತ್ತಿಲ್ಲ, ಸರ್ಕಾರಿ ಕಾಗದ ಬಂತು ಅಂದ್ರೆ ಸೈನ್ ಹಾಕ್ಲೇಬೇಕು ಅಂತ ಹಾಕಿ ಕೊಟ್ಬಿಡ್ತಾರೆ. ನಡೆದಾಡೋಕೆ ಆಗೋ ಅಜ್ಜನೂ ಕೊಟ್ಟಿದ್ದಾರೆ, ಬೂತ್‌ಗೆ ಪಂಚೆ ಉಟ್ಕೊಂಡು ಹೋಗಿ ನಾಲ್ಕು ಜನನ ಮಾತಾಡ್ಸೋದೇ ಅವರಿಗೆ ಖುಷಿ ಆಗಿತ್ತು ಮಾರಾಯ್ರೆ.

ಫಾರಂ ಹಂಚೋಕೆ ಬರೋ ಅಂಗನವಾಡಿ ಟೀಚರ್‌ಗಳನ್ನ ನಾನು ಬೈಯಲ್ಲ, ಅವರಿಗೆ ನೂರು ಕೆಲಸ, ಮಳೆ ಬಿಸ್ಲು ಅಂತ ನೋಡ್ದೆ ಗುಡ್ಡ ಹತ್ತಿ ಬರ್ತಾರೆ. ಅವರ ಕೈಗೆ ಕೊಟ್ಟಿರೋ ಹಾಳೆ ಸರಿ ಇಲ್ಲ ಅನ್ನೋದು ನನ್ನ ತಕರಾರು. ಅದ್ರಲ್ಲಿರೋ ಕನ್ನಡ ಕೋರ್ಟ್ ಆರ್ಡರ್ ಥರ ಇದೆ, "ಸದರಿ ಮತದಾರನು" ಅಂತ ಶುರುವಾದ್ರೆ ವಾಕ್ಯ ಮುಗಿಯೋದೇ ಇಲ್ಲ. ಇದರ ಮಧ್ಯೆ ವಾಟ್ಸಾಪಲ್ಲಿ ಇನ್ನೊಂದು ಹಾಳೆ ಓಡಾಡ್ತು, ಅದು ಎಲೆಕ್ಷನ್ ಡ್ಯೂಟಿ ಮೇಲಿರೋ ನೌಕರರಿಗೆ ಇರೋ ಫಾರಂ 12ರದ್ದು, ಅದನ್ನ ಓದಿ ನಮ್ಮೂರ ಒಬ್ರು ಗೆಜೆಟೆಡ್ ಆಫೀಸರ್ ಸಹಿ ಎಲ್ಲಿ ಸಿಗುತ್ತೆ ಅಂತ ಹುಡುಕ್ತಾ ಇದ್ರು! ಮನೆಗೆ ಬರೋ ಟೀಮ್‌ನ ಅಧಿಕಾರಿನೇ ದೃಢೀಕರಣ ಮಾಡ್ತಾರೆ, ಲಕೋಟೆಗಳನ್ನೂ ಅವರೇ ತಗೊಂಡು ಹೋಗ್ತಾರೆ, ನೀವು ಪೋಸ್ಟ್ ಆಫೀಸಿಗೆ ಹೋಗೋದು ಏನೂ ಇಲ್ಲ.

ಲಕೋಟೆ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ವೋಟು ಸಾಯೋದು ಇಲ್ಲೇ. ಬ್ಯಾಲೆಟ್ ಪೇಪರ್ ಚಿಕ್ಕ ಲಕೋಟೆಗೆ, ಅದು 13ಬಿ. ನಿಮ್ಮ ಸಹಿ ಇರೋ ಘೋಷಣೆ 13ಎ, ಅದು ಚಿಕ್ಕ ಲಕೋಟೆ ಒಳಗೆ ಹೋಗ್ಬಾರ್ದು, ಹೊರಗೇ ಇರ್ಬೇಕು. ಎರಡೂ ಸೇರಿ ದೊಡ್ಡ ಲಕೋಟೆ 13ಸಿಗೆ. ಎಣಿಕೆ ದಿನ ದೊಡ್ಡದನ್ನ ತೆಗೆದಾಗ ಘೋಷಣೆ ಸಿಗಲಿಲ್ಲ, ಅಥವಾ ಸಹಿ, ದೃಢೀಕರಣ ಇಲ್ಲ, ಅಥವಾ ಬ್ಯಾಲೆಟ್ ನಂಬರ್ ತಾಳೆ ಆಗ್ಲಿಲ್ಲ ಅಂದ್ರೆ ಚಿಕ್ಕ ಲಕೋಟೆನ ತೆಗೆಯೋದೇ ಇಲ್ಲ, ಹಾಗೇ ತಿರಸ್ಕಾರ. ಬ್ಯಾಲೆಟ್ ಮೇಲೆ ಹೆಸರು ಸಹಿ ಹಾಕಿದ್ರೂ ಅಷ್ಟೇ. ಇಪ್ಪತ್ತು ವರ್ಷ ಮಷೀನ್ ಬಟನ್ ಒತ್ತಿ ಅಭ್ಯಾಸ ಆದೋರಿಗೆ ಪೆನ್ನು, ಮಡಿಕೆ, ಗೋಂದು ಎಲ್ಲ ಒಟ್ಟಿಗೆ ಕೊಟ್ರೆ ಕೈ ನಡುಗಲ್ವಾ?

ಒಂದೆರಡು ವೋಟಿಗೆ ಇಷ್ಟೆಲ್ಲ ಯಾಕೆ ಅನ್ನೋರು ನಮ್ಮ ಜಿಲ್ಲೆಯ ಶೃಂಗೇರಿ ಕ್ಷೇತ್ರ ನೋಡ್ಲಿ, 2023ರಲ್ಲಿ ಅಲ್ಲಿ ಗೆಲುವಿನ ಅಂತರ 201. ಬೆಂಗಳೂರಿನ ಜಯನಗರದಲ್ಲಿ 16, ಅಲ್ಲಂತೂ ತಿರಸ್ಕೃತ ಅಂಚೆ ಮತಗಳ ಮೇಲೇ ರಾತ್ರಿವರೆಗೆ ಜಗಳ ನಡೀತು.

ಬೇರೆ ದೇಶದಲ್ಲೂ ಹೀಗಾಗಿದೆ. 2020ರ ಸೆಪ್ಟೆಂಬರಲ್ಲಿ ಅಮೆರಿಕದ ಅಂಚೆ ಇಲಾಖೆ ದೇಶದ ಮನೆಮನೆಗೂ ಒಂದೇ ಕಾರ್ಡ್ ಕಳಿಸ್ತು, ಬ್ಯಾಲೆಟ್ ಬೇಕಂದ್ರೆ ಕನಿಷ್ಠ 15 ದಿನ ಮುಂಚೆ ಕೇಳ್ಕೊಳ್ಳಿ ಅಂತ. ಆದ್ರೆ ಕೊಲೊರಾಡೊ ಥರದ ರಾಜ್ಯಗಳಲ್ಲಿ ಕೇಳೋದೇ ಬೇಕಿಲ್ಲ, ನೋಂದಾಯಿತ ಮತದಾರರಿಗೆಲ್ಲ ಬ್ಯಾಲೆಟ್ ತಾನಾಗೇ ಬರುತ್ತೆ. ಆ ರಾಜ್ಯದವರು ಕೋರ್ಟಿಗೆ ಹೋದ್ರು, ಕೋರ್ಟು ಅಲ್ಲಿ ಕಾರ್ಡ್ ಹಂಚೋದಕ್ಕೆ ತಾತ್ಕಾಲಿಕ ತಡೆನೂ ಕೊಡ್ತು. ಸೂಚನೆ ತಪ್ಪು ದಾರಿ ತೋರ್ಸುತ್ತೆ ಅಂದ್ರೆ ಕೋರ್ಟ್ ಮೆಟ್ಟಿಲು ಹತ್ತೋವಷ್ಟು ಸೀರಿಯಸ್ ವಿಷ್ಯ ಅದು.

ನಾನು ಕೇಳ್ತಿರೋದು ತುಂಬ ಸಣ್ಣದು. ಫಾರಂ ಜೊತೆ ಅರ್ಧ ಹಾಳೆ, ದಪ್ಪ ಅಕ್ಷರ, ನಮ್ಮನೆ ಮಾತಿನ ಕನ್ನಡ: ಇದು ಕಡ್ಡಾಯ ಅಲ್ಲ, ಇದನ್ನ ಕೊಟ್ರೆ ಬೂತಲ್ಲಿ ವೋಟು ಇಲ್ಲ, ಟೀಮ್ ಇಂಥ ದಿನ ಬರುತ್ತೆ, ಡೌಟ್ ಇದ್ರೆ 1950ಕ್ಕೆ ಫೋನ್ ಮಾಡಿ. ಕಣ್ಣು ಕಾಣ್ದೇ ಇರೋರಿಗೆ ಟೀಚರ್ ಅದನ್ನ ಜೋರಾಗಿ ಓದಿ ಹೇಳಿ, ಆಮೇಲೇ ಹೆಬ್ಬೆಟ್ಟು ತಗೋಬೇಕು.