ಮಾವನ ಅಂಗಡಿಯಲ್ಲಿ ನಾನೇ ವೈರಸ್ ಆದೆ

ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ ಫೈಲುಗಳನ್ನು, ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಿಸಲು ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ. ನಮ್ಮ ಮಾವನದ್ದು ಡಿಟಿಪಿ ಅಂಗಡಿ. ಅವರಿಗೆ ಪೈಥಾನ್ ಗೀಥಾನ್ ಎಲ್ಲ ತಲೆನೋವು ಅಂತ ಪೈಇನ್‌ಸ್ಟಾಲರ್ ಎಂಬ ಸಾಧನದಲ್ಲಿ ಎಲ್ಲವನ್ನೂ ಗಂಟು ಕಟ್ಟಿ, ಕ್ಲಿಕ್ ಮಾಡಿದರೆ ಓಡುವ ಒಂದೇ ಎಕ್ಸ್ಇ ಫೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಟ್ಟು ಬಂದೆ.

ಸಂಜೆಗೆ ಫೋನ್. "ಏನೋ ಇದು, ವೈರಸ್ ತಂದು ಹಾಕಿದ್ದೀಯಲ್ಲೋ! ಟ್ರೋಜನ್ ಅಂತ ಕೆಂಪಗೆ ತೋರಿಸ್ತು, ಈಗ ನೋಡಿದ್ರೆ ಫೈಲೇ ಇಲ್ಲ."

ಟ್ರೋಜನ್ ಅಂದರೆ ಒಳ್ಳೆ ಪ್ರೋಗ್ರಾಮಿನ ವೇಷದಲ್ಲಿ ಬರುವ ಕಳ್ಳ ಪ್ರೋಗ್ರಾಂ. ನಾನು ಬರೆದದ್ದು ಇನ್ನೂರು ಸಾಲು, ಅದರಲ್ಲಿ ಇಂಟರ್ನೆಟ್ ಸುದ್ದಿಯೇ ಇಲ್ಲ. ಆದರೆ ಪೈಇನ್‌ಸ್ಟಾಲರ್ ಎಲ್ಲರ ಪ್ರೋಗ್ರಾಮಿಗೂ ತನ್ನ ಅದೇ ಬೂಟ್‌ಲೋಡರ್ (ಪ್ರೋಗ್ರಾಮನ್ನು ಶುರು ಮಾಡುವ ತುಣುಕು) ಅಂಟಿಸುತ್ತದೆ, ವೈರಸ್ ಬರೆಯುವವರೂ ಅದನ್ನೇ ಬಳಸುತ್ತಾರೆ, ಹಾಗಾಗಿ ಆಂಟಿವೈರಸ್ ಕಣ್ಣಿಗೆ ನಾನೂ ಅವರೂ ಒಂದೇ ಬಳಗ. ಅದರ ಮೇಲೆ, ಓಡಿಸಿದ ಕೂಡಲೇ ಆ ಎಕ್ಸ್ಇ ಟೆಂಪ್ ಫೋಲ್ಡರಿನಲ್ಲಿ (ತಾತ್ಕಾಲಿಕ ಫೈಲುಗಳ ಜಾಗ) ತನ್ನ ಗಂಟು ಬಿಚ್ಚುತ್ತದೆ. ಮಾಡಿದವರು ಯಾರು ಅಂತ ಖಾತ್ರಿ ಹೇಳುವ ಡಿಜಿಟಲ್ ಸಹಿಯೂ ಇಲ್ಲ. ಅನುಮಾನ ಬರದೆ ಇರುತ್ತಾ? ಕೀ ಒತ್ತಿದ್ದನ್ನು ನಡುವೆ ಹಿಡಿದು ಕನ್ನಡ ಅಕ್ಷರ ಮೂಡಿಸುವ ಟೈಪಿಂಗ್ ತಂತ್ರಾಂಶಗಳಿಗೂ ಇದೇ ಗೋಳು. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಗಳನ್ನು ಹಾಗೇ ಹಿಡಿಯುತ್ತದಲ್ವಾ.

ದೊಡ್ಡವರೂ ಬಿದ್ದಿದ್ದಾರೆ. 2010ರ ಏಪ್ರಿಲ್ 21ರಂದು ಆಂಟಿವೈರಸ್ ಕಂಪನಿ ಮೆಕಾಫಿಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಫೈಲನ್ನೇ ವೈರಸ್ ಅಂದಿತು. ಅದಿಲ್ಲದೆ ವಿಂಡೋಸ್ ನಡೆಯುವುದೇ ಇಲ್ಲ, ಕಚೇರಿ ಕಚೇರಿಗಳಲ್ಲಿ ಕಂಪ್ಯೂಟರುಗಳು ಸುಮ್ನೆ ಆರಿ ಹತ್ತಿ ಮಾಡುತ್ತಾ ಕೂತವು. 2012ರ ಸೆಪ್ಟೆಂಬರ್‌ನಲ್ಲಿ ಸೋಫೋಸ್ ಎಂಬ ಇನ್ನೊಂದು ಆಂಟಿವೈರಸ್ ತನ್ನದೇ ಅಪ್‌ಡೇಟರನ್ನು ಹಿಡಿದು ಹಾಕಿತು! ತಿದ್ದುಪಡಿ ತರಬೇಕಾದವನನ್ನೇ ಕಟ್ಟಿಹಾಕಿದ ಮೇಲೆ ತಿದ್ದುಪಡಿ ಬರುವುದು ಯಾವ ದಾರಿಯಲ್ಲಿ?

"ಆಂಟಿವೈರಸ್ ಆಫ್ ಮಾಡ್ಬಿಡ್ಲಾ?" ಅಂದರು ಮಾವ. ಬೇಡವೇ ಬೇಡ ಅಂದೆ. ದಿನಾ ಊರವರ ಪೆನ್‌ಡ್ರೈವ್‌ಗಳೆಲ್ಲ ಬಂದು ಚುಚ್ಚಿಕೊಳ್ಳುವ ಜಾಗ ಅದು, ನನ್ನ ಇನ್ನೂರು ಸಾಲಿಗೋಸ್ಕರ ಬಾಗಿಲು ತೆಗೆದಿಡುವುದಾ? ಮಾವನ ಆಂಟಿವೈರಸ್ ಕಂಪನಿಯ ಸೈಟಿನಲ್ಲಿ ಫೈಲ್ ಹಾಕಿ 'ಇದು ತಪ್ಪು ಗುರುತು' ಅಂತ ದೂರು ಕೊಟ್ಟೆ. ಅಷ್ಟರಲ್ಲಿ ಬೂಟ್‌ಲೋಡರನ್ನು ಅದರ ಮೂಲ ಕೋಡಿನಿಂದ ನಾನೇ ಕಂಪೈಲ್ ಮಾಡಿ, ಎಲ್ಲರದ್ದಕ್ಕಿಂತ ಬೇರೆಯಾಗಿಸಿ, ಟೆಂಪ್‌ನಲ್ಲಿ ಗಂಟು ಬಿಚ್ಚುವ ಕೆಲಸ ಇರದಂತೆ ಒಂದೇ ಫೈಲಿನ ಬದಲು ಫೋಲ್ಡರ್ ಆಗಿ ಕಟ್ಟಿದೆ. ಗಲಾಟೆ ನಿಂತಿತು. ನಾಲ್ಕು ದಿನಕ್ಕೆ ಕಂಪನಿಯೂ ನಮ್ಮದೇ ತಪ್ಪು ಅಂತ ಉತ್ತರ ಕಳಿಸಿತು. ಆಮೇಲೆ ಒತ್ತಕ್ಷರದ ಒಂದು ತಪ್ಪು ಸರಿಮಾಡಿ ಹೊಸದಾಗಿ ಕಟ್ಟಿದೆ ನೋಡಿ, ಅವರ ಲೆಕ್ಕದಲ್ಲಿ ಅದು ಬೇರೆಯೇ ಫೈಲು, ಮತ್ತೆ ಟ್ರೋಜನ್!

ಮಾವ ಈಗ ನನ್ನ ಪೆನ್‌ಡ್ರೈವ್ ಕಂಡರೆ ಎರಡು ಸಲ ಸ್ಕ್ಯಾನ್ ಮಾಡುತ್ತಾರೆ. ಗಿರಾಕಿಗಳದ್ದನ್ನು ಸೀದಾ ಚುಚ್ಚುತ್ತಾರೆ.