ಆ್ಯಂಡ್ ಗೇಟ್: ಬಿ ಒಬ್ಬನೇ ನುಗ್ಗೋದು ನಿಂತಿತು

ಡಿಎನ್ಎ ಎಳೆಗಳಿಂದ ಆ್ಯಂಡ್ ಗೇಟ್ ಕಟ್ತಿದ್ದೀನಿ: ಎ, ಬಿ ಅನ್ನೋ ಎರಡು ಎಳೆಯೂ ಬಂದ್ರೆ ಮಾತ್ರ ಹೊಳೀಬೇಕು. ಹೊಸ ಗೇಟಿಗೆ ಬಿ ಎಳೆ ಒಂದನ್ನೇ ಹಾಕಿದ ಟ್ಯೂಬು ಬೆಳಗಿನವರೆಗೂ ಕತ್ತಲಾಗೇ ಇತ್ತು! ಎ, ಬಿ ಎರಡೂ ಹಾಕಿದ್ದು ಮಾತ್ರ ನೀಲಿ ಎಲ್‌ಇಡಿ ಕೆಳಗೆ ಹಸಿರಾಗಿ ಹೊಳೀತು. ಮಡಿಕೇರಿ ಮಳೆಗೆ ಕರೆಂಟು ಹೋಗೋದು ಬರೋದು ಮಾಡ್ತಿದ್ರೂ ಇನ್ವರ್ಟರ್ ಕೈಕೊಡಲಿಲ್ಲ.

ಅನೀಲಿಂಗು, ಬಫರು ಎಲ್ಲ ಮಾಮೂಲಿ, ಬಿಟ್ಟುಬಿಡ್ತೀನಿ. ತಲೆ ತಿಂದದ್ದು ಒಂದೇ: ಎ ಬಂದು ಮುಚ್ಚಳದ ಎಳೆಯನ್ನು ಕಿತ್ತ ಮೇಲಷ್ಟೇ ಬಿಗೆ ಟೋಹೋಲ್ಡ್ (ಹತ್ತಿ ಕೂರೋಕೆ ಬೇಕಾದ ಬಯಲು ತುಣುಕು) ಸಿಗಬೇಕು. ನನ್ನ ಹಳೇ ಗೇಟಲ್ಲಿ ಎ ಇಲ್ಲದೆಯೂ ಸಿಗ್ತಿತ್ತು. ಗೇಟಿನ ತುದಿ ತಾನಾಗೇ ಬಿಚ್ಚಿಕೊಂಡು ಆಗೋ ಲೀಕಾದ್ರೆ ಹೊಳಪಿನ ಗ್ರಾಫು ಗಂಟೆಗಟ್ಟಲೆ ತೆವಳ್ತಾ ಏರಬೇಕು. ಇದು ಶುರುವಲ್ಲೇ ಜಿಗಿದು, ಕಾಲು ಭಾಗದ ಹತ್ತಿರ ಬಂದು ಮಲಗಿಬಿಡ್ತಿತ್ತು. ಅಂದ್ರೆ ಎಲ್ಲ ಗೇಟೂ ಸ್ವಲ್ಪ ಸ್ವಲ್ಪ ಸೋರ್ತಿಲ್ಲ. ಕೆಲವು ಹುಟ್ಟುತ್ತಲೇ ಕೆಟ್ಟಿವೆ.

ಆಮೇಲೆ ಲೆಕ್ಕ ಹಾಕಿದೆ. ಡಿಎನ್ಎ ಎಳೆಯ ಎರಡು ತುದಿಗೆ 3′, 5′ ಅಂತ ಹೆಸರು. ಸಪ್ಲೈಯರ್ ಮಾಡೋ ರಾಸಾಯನಿಕ ಸಿಂಥೆಸಿಸ್ 3′ ತುದಿಯಿಂದ 5′ ಕಡೆಗೆ ಹೋಗುತ್ತೆ. ಒಂದೊಂದು ಹೆಜ್ಜೆ 99% ಸರಿಯಾದ್ರೂ 30 ಬೇಸಿನ (ಡಿಎನ್ಎ ಅಕ್ಷರದ) ಎಳೆಯಲ್ಲಿ ಪೂರ್ತಿ ಉದ್ದದ್ದು ಸುಮಾರು 75%. ಮಿಕ್ಕ ಕಾಲು ಭಾಗವೆಲ್ಲ 5′ ಕಡೆ ಗಿಡ್ಡ. ನನ್ನ ಮುಚ್ಚಳದ 5′ ತುದಿ ಕೂತಿದ್ದದ್ದು ಎಲ್ಲಿ? ಬಿಯ ಟೋಹೋಲ್ಡ್ ಮೇಲೇ! ಟೋಹೋಲ್ಡಿನ ಒಂದೊಂದು ಬೇಸಿಗೂ ಎಳೆ ನುಗ್ಗೋ ವೇಗ ಹತ್ತು ಪಟ್ಟಿನ ಹತ್ತಿರ ಏರುತ್ತೆ, ಆರೇಳು ಬೇಸಿನವರೆಗೆ. ನಾಲ್ಕು ಬೇಸು ಬಯಲಾದ್ರೆ ಬಿಗೆ ಧಾರಾಳ ಸಾಕು.

ಗಿಡ್ಡವನ್ನ ಬೇರ್ಪಡಿಸಿ ಜೆಲ್‌ನಲ್ಲಿ ಶುದ್ಧ ಮಾಡಿದ ಎಳೆ ತರಿಸಿ ಅಂತೀರಿ. ಕೇಳಿದೆ. ಸಪ್ಲೈಯರ್ ಹೇಳಿದ ರೇಟಿಗೆ ಒಂದು ಮೂಟೆ ಕಾಫಿ ಮಾರಬೇಕು. ಅದೇ ಪುಣ್ಯಾತ್ಮರು ಒಣಗಿಸಿದ ಡಿಎನ್ಎಗೆ ಐಸ್ ಪ್ಯಾಕ್ ಸುತ್ತಿ, ಅದರ ದುಡ್ಡೂ ಬಿಲ್ಲಿಗೆ ಸೇರಿಸಿದ್ರು. ಕೊರಿಯರ್‌ನವನು ಘಟ್ಟ ಹತ್ತೋಕೆ ಒಪ್ಪದೆ "ಕುಶಾಲನಗರಕ್ಕೆ ಬಂದು ತಗೊಳ್ಳಿ ಸಾರ್" ಅಂದ. ಮನೇಲೇ ಜೆಲ್ ಓಡಿಸೋಣ ಅಂದ್ರೆ ಅದಕ್ಕೆ ಯೂರಿಯಾ ಬೇಕು (ತೋಟಕ್ಕೆ ಹಾಕೋದಲ್ಲ ಮಾರಾಯ್ರೆ), ಜೊತೆಗೆ ಈ ಚಳಿಗೆ ಜೆಲ್ ಮಾಡೋ ಅಕ್ರಿಲಮೈಡ್ ಗಟ್ಟಿಯಾಗೋದೇ ನಿಧಾನ.

ಅದಕ್ಕೇ ಇಡೀ ಗೇಟನ್ನೇ ತಿರುಗಿಸಿದೆ. ಈಗ ಬಿಯ ಟೋಹೋಲ್ಡ್ ಮೇಲೆ ಮುಚ್ಚಳದ 3′ ತುದಿ ಕೂತಿದೆ. ಗಿಡ್ಡ ಎಳೆಯಲ್ಲೂ ಆ ತುದಿ ಇದ್ದೇ ಇರುತ್ತೆ. ತುಂಡಾದದ್ದು ಎ ಕಡೆಗೆ ಬಿತ್ತು. ಅಲ್ಲಿ ಎಗೆ ಟೋಹೋಲ್ಡ್ ಇನ್ನಷ್ಟು ಉದ್ದ ಸಿಗುತ್ತೆ, ಅಷ್ಟೇ. ಹೊಸ ಎಳೆಗಳೂ ಅದೇ ಅಗ್ಗದ, ಬರೀ ಉಪ್ಪು ತೆಗೆದ ಮಾಲು.

ಮುಂದಿನದು ಸೀಸಾ ಗೇಟು: ಏರಾಟದ ಹಲಗೆ ಹಾಗೆ ಎಳೆಗಳು ಆ ಕಡೆ ಈ ಕಡೆ ಅದಲುಬದಲಾಗೋದು. 2011ರಲ್ಲಿ ವಿಜ್ಞಾನಿಗಳಾದ ಲುಲು ಚಿಯಾನ್, ಎರಿಕ್ ವಿನ್‌ಫ್ರೀ ಇಂಥ ಗೇಟಿಂದಲೇ 130 ಎಳೆ ಹಾಕಿ ನಾಲ್ಕು ಬಿಟ್ ಸಂಖ್ಯೆಯ ವರ್ಗಮೂಲ ತೆಗೆಸಿದ್ರು. ನನಗೆ ಮೂವರ ಬಹುಮತ ಎಣಿಸೋ ಗೇಟ್ ಆದ್ರೆ ಸಾಕು. ಅದರ ಥ್ರೆಶೋಲ್ಡ್ ಎಳೆಗಳನ್ನ (ಸಿಗ್ನಲ್ ಒಂದು ಮಟ್ಟ ದಾಟೋವರೆಗೂ ಅದನ್ನ ನುಂಗೋವು) ಯಾವ ಕಡೆ ತಿರುಗಿಸಬೇಕು ಅಂತ ಹಾಳೆ ಮೇಲೆ ಗೀಚ್ತಾ ಇದೀನಿ. ಆರ್ಡರು ಮಾತ್ರ ಬೇರೆ ಕಡೆ, ಐಸ್ ಪ್ಯಾಕ್ ಇಲ್ಲದೆ.