ನೀರು ಕಾದಾಗ ಟ್ರೌಟ್ ಬಿಡಿ, ಬಾಸ್ ಹಿಡಿಯಿರಿ

ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಕಡೆ ಜುಲೈ ಬಂತೆಂದರೆ ಗಾಳ ಹಾಕುವವರೆಲ್ಲ ಸ್ಪ್ರಿಂಗ್ ಕ್ರೀಕ್ ತೊರೆಗೇ ಬಂದು ಸೇರುತ್ತಾರೆ. ಬೆಟ್ಟದ ಹಳ್ಳಗಳು ಸೊರಗಿ ಬಿಸಿಯಾಗುವಾಗಲೂ ಸುಣ್ಣಕಲ್ಲಿನ ಒರತೆಗಳಿಂದಾಗಿ ಇದು ತಂಪಾಗಿರುತ್ತದೆ. ಇಲ್ಲಿಯ ಟ್ರೌಟ್ ಮೀನಿಗೂ ಅಂಥ ತಂಪು ನೀರೇ ಬೇಕು, ಜನಕ್ಕೂ ಅದೇ ಬೇಕು.

ಈ ತೊರೆಯ ಕಥೆ ವಿಚಿತ್ರ. ಮಿರೆಕ್ಸ್, ಕೀಪೋನ್ ಎಂಬ ರಾಸಾಯನಿಕಗಳು ಮೀನಿನ ಮೈಯಲ್ಲಿ ಸೇರಿದ್ದವೆಂದು 1982ರಲ್ಲಿ ಮೀನನ್ನು ಮನೆಗೊಯ್ಯುವುದನ್ನೇ ನಿಷೇಧಿಸಿದರು. ಸಾಕಿದ ಟ್ರೌಟ್ ತಂದು ಬಿಡುವುದೂ ನಿಂತಿತು. ಕಾಡು ಬ್ರೌನ್ ಟ್ರೌಟ್ ತಾನಾಗಿಯೇ ತುಂಬಿಕೊಂಡಿತು. ಹಾಗೆಂದು ಹಿಡಿದು ಬಿಟ್ಟರೆ ಏನೂ ಆಗುವುದಿಲ್ಲ ಅಂದುಕೊಳ್ಳಬಾರದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಮಾತ್ರ ಹೆಚ್ಚು. 20 ಡಿಗ್ರಿ ದಾಟಿದ ನೀರಿನಲ್ಲಿ ಐದು ನಿಮಿಷ ಎಳೆದಾಡಿಸಿದ ಟ್ರೌಟ್ ಕೈಯಿಂದ ಜಾರಿ ಈಜಿಕೊಂಡು ಹೋದರೂ ಆಮೇಲೆ ಸಾಯಬಹುದು. ಬೆಳಗ್ಗೆ ಅಳೆದು ಸಮಾಧಾನಪಟ್ಟುಕೊಳ್ಳಬೇಡಿ, ನೀರು ಹೆಚ್ಚು ಕಾಯುವುದು ಮಧ್ಯಾಹ್ನದ ಮೇಲೆ. ಹರಿಯುವ ಕಡೆ, ನೆರಳಿನಲ್ಲಿ, ಮೊಣಕಾಲಾಳಕ್ಕೆ ಥರ್ಮಾಮೀಟರ್ ಇಳಿಸಿ ಎರಡು ನಿಮಿಷ ಕಾಯಿರಿ. 19 ತೋರಿಸಿದರೇ ಗಾಳ ಸುತ್ತಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಹಾನಿ ಕಾಲಿನದು. ಅಕ್ಟೋಬರ್, ನವೆಂಬರಿನಲ್ಲಿ ಬ್ರೌನ್ ಮತ್ತು ಬ್ರೂಕ್ ಟ್ರೌಟ್ ಜಲ್ಲಿಕಲ್ಲು ಕೆದಕಿ ಮೊಟ್ಟೆಯಿಡುತ್ತವೆ. ಸುತ್ತಲಿನ ಪಾಚಿಗಟ್ಟಿದ ತಳದ ನಡುವೆ ತೊಳೆದಿಟ್ಟಂಥ ತಿಳಿಬಣ್ಣದ ಉದ್ದುರುಟು ಜಾಗ ಕಂಡರೆ ಅದೇ ಗೂಡು. ಮರಿಗಳು ವಸಂತದವರೆಗೂ ಆ ಕಲ್ಲಿನ ಸಂದಿನಲ್ಲೇ ಇರುತ್ತವೆ, ಆದ್ದರಿಂದ ಚಳಿಗಾಲವಿಡೀ ಅಲ್ಲಿ ಕಾಲಿಡಬಾರದು.

ಟ್ರೌಟ್‌ಗೆ ಕಷ್ಟವಾಗುವ ಬಿಸಿಯೇ ಸ್ಮಾಲ್‌ಮೌತ್ ಬಾಸ್ ಎಂಬ ಮೀನಿಗೆ ಹಿತ. ಜೂನ್ ಕಳೆದ ಮೇಲೆ ಜೂನಿಯಾಟಾ ನದಿಗೆ ಹೋಗಿ. ಅದಕ್ಕೂ ಮುಂಚೆ ಬೇಡ, ಗಂಡು ಬಾಸ್ ಗೂಡು ಕಾಯುವ ಕಾಲ ಅದು. ಅದನ್ನು ಎತ್ತಿದ ಕೆಲವೇ ನಿಮಿಷದಲ್ಲಿ ಬೇರೆ ಮೀನುಗಳು ಮೊಟ್ಟೆ ತಿಂದು ಮುಗಿಸುತ್ತವೆ. ಫ್ಲೈ, ಅಂದರೆ ಹುಳು ಇಲ್ಲವೇ ಮರಿಮೀನಿನಂತೆ ಕಟ್ಟಿದ ಕೊಕ್ಕೆ ಎಸೆಯುವ ರಾಡಿನ ನಂಬರ್ ಹೆಚ್ಚಿದಷ್ಟೂ ಬಲ ಹೆಚ್ಚು. ಟ್ರೌಟಿನ 4 ನಂಬರ್ ಇಲ್ಲಿ ಸಾಲದು, 6 ಅಥವಾ 7 ಬೇಕು. ಲೈನಿನ ತುದಿಗೆ ಕಟ್ಟುವ ತೆಳು ದಾರ, ಅಂದರೆ ಲೀಡರ್, 8ರಿಂದ 10 ಪೌಂಡ್ ತಡೆಯುವಂಥದು, ಅದರ ತುದಿಗೆ 4 ಅಥವಾ 6ನೇ ಸೈಜಿನ, ಮರಿಮೀನಿನಂಥ ಕ್ಲೌಸರ್ ಮಿನ್ನೋ ಇಲ್ಲವೇ ಸಿಗಡಿಯಂಥ ಕ್ರೇಫಿಶ್ ಫ್ಲೈ.

ಟ್ರೌಟ್ ಹಿಡಿದು ಪಳಗಿದವರಿಗೆ ಮೀನು ತಪ್ಪಿಹೋಗುವುದು ಒಂದೇ ಕಾರಣಕ್ಕೆ: ಕಚ್ಚಿದ ತಕ್ಷಣ ರಾಡ್ ಮೇಲಕ್ಕೆತ್ತುತ್ತಾರೆ. ರಾಡ್ ಬಾಗಿ ಬಲವೆಲ್ಲ ಅದರಲ್ಲೇ ಹೋಗುತ್ತದೆ, ದಪ್ಪ ಕೊಕ್ಕೆ ಬಾಸಿನ ಗಟ್ಟಿ ಬಾಯಿಗೆ ಇಳಿಯುವುದಿಲ್ಲ. ರಾಡಿನ ತುದಿಯನ್ನು ನೀರಿನತ್ತಲೇ ಇಟ್ಟು ಇನ್ನೊಂದು ಕೈಯಲ್ಲಿ ಲೈನನ್ನು ಒಂದಡಿ ಜಗ್ಗಬೇಕು.

ಫಾಲ್‌ಫಿಶ್ ಸಿಕ್ಕರೆ ಬೇಸರಪಟ್ಟು ದಡಕ್ಕೆ ಎಸೆಯುವವರಿದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಅದು ಇಲ್ಲಿಯದೇ ಮೀನು, ಬ್ರೌನ್ ಟ್ರೌಟ್ ಯುರೋಪಿನಿಂದ ಬಂದದ್ದು. ಮಕ್ಕಳಿದ್ದರೆ ಬಾಲ್ಡ್ ಈಗಲ್ ಪಾರ್ಕಿನ ಸೇಯರ್ಸ್ ಜಲಾಶಯದಲ್ಲಿ ಬ್ಲೂಗಿಲ್ ಎಂಬ ಚಿಕ್ಕ ಮೀನಿಗೆ ಎರೆಹುಳುವಿನ ಚೂರು ಸಾಕು. ನಮ್ಮ ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆಯನ್ನು ಇಲ್ಲಿ ಕಾರ್ಪ್ ಅಂತಾರೆ. ಅದನ್ನು ಹಿಡಿಯಲು ಅದರ ತಲೆಯಿಂದ ಎರಡಡಿ ಮುಂದೆ ಫ್ಲೈ ಇಳಿಸಬೇಕು, ಮೇಲೆ ಬಿದ್ದರೆ ಓಡಿಹೋಗುತ್ತದೆ.

ಹೀಗೆ ನೀರು ಬದಲಿಸುವಾಗ ಒಂದು ಅಪಾಯ ಜೊತೆಗೇ ಬರುತ್ತದೆ. ಸ್ಪ್ರಿಂಗ್ ಕ್ರೀಕಿನಲ್ಲಿ 2013ರಲ್ಲಿ ನ್ಯೂಜಿಲೆಂಡ್ ಮಣ್ಣುಬಸವನಹುಳು ಪತ್ತೆಯಾಯಿತು. ಮರಿಗಳು ಮರಳಿನ ಕಣದಷ್ಟು ಚಿಕ್ಕವು. ಹೆಣ್ಣು ಗಂಡಿಲ್ಲದೆಯೇ ಮರಿ ಹಾಕುವುದರಿಂದ ಬೂಟಿನ ಲೇಸಿನಲ್ಲಿ ಒಂದೇ ಒಂದು ಹುಳು ಉಳಿದರೂ ಜೂನಿಯಾಟಾಕ್ಕೆ ಹೋಗಿ ಸೇರುತ್ತದೆ. ಬರೀ ತೊಳೆದರೆ ಸಾಲದು. ಲೇಸು, ಇನ್‌ಸೋಲ್ ಬಿಚ್ಚಿ, ಬ್ರಷ್‌ನಿಂದ ಉಜ್ಜಿ, ಬೂಟು ಮತ್ತು ನೀರಿಗಿಳಿಯಲು ತೊಡುವ ವೇಡರ್‌ಗಳನ್ನು ಇಡೀ ರಾತ್ರಿ ಫ್ರೀಜರಿನಲ್ಲಿಡಿ. ಬಿಸಿನೀರೂ ಹುಳುವನ್ನು ಕೊಲ್ಲುತ್ತದೆ, ಆದರೆ ವೇಡರಿನ ಅಂಟು ಬಿಡಬಹುದು. ಎರಡು ಜೊತೆ ಬೂಟು ಇದ್ದರೆ ಒಂದನ್ನು ಸ್ಪ್ರಿಂಗ್ ಕ್ರೀಕಿಗೆಂದೇ ಮೀಸಲಿಡಿ.